ಕಂಬದ ಹಿಂದಿನ ಮುಖ

ಯಂತ್ರಗಳ ಚರಿತ್ರೆ ಬಲ್ಲವರು ಹೇಳಬೇಕಾದ ಕಥೆ ಇದು. ಸಂಜೆ ಕಾಲೇಜಿನಲ್ಲಿ ಕಲಿತ ಅಷ್ಟಿಷ್ಟನ್ನೇ ನಂಬಿಕೊಂಡು ನಾನು ಹೇಳಹೊರಟಿದ್ದೇನೆ. ಎಲ್ಲಿಯಾದರೂ ತಪ್ಪಿದ್ದರೆ ಬಲ್ಲವರು ಕ್ಷಮಿಸಬೇಕು.

ಚೇತನಾ ಹುಟ್ಟಿದ ದಿನವೇ ತಾಯಿ ರಂಗವ್ವ ತೀರಿಕೊಂಡಿದ್ದಳು. ತಾಯಿಯ ಮುಖ ಹೇಗಿತ್ತೆಂದು ಮಗಳಿಗೆ ಗೊತ್ತಿಲ್ಲ. ರಂಗವ್ವ ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಕುಳಗೇರಿ ಕ್ರಾಸ್ ಕಡೆಯ ಕುರಿ ಸಾಕುವ ಮಾಳಪ್ಪನ ಕೈ ಹಿಡಿದು ಹೋದಳು. ಅವಳ ಅಪ್ಪ ಮನೆಯಲ್ಲಿದ್ದ ಒಂದೇ ಒಂದು ಕುಟುಂಬದ ಫೋಟೋ ಹಿಡಿದು ಬಾಗಲಕೋಟೆಯ ಪ್ರೆಸ್ಸಿಗೆ ಹೋಗಿ, ಮಗಳನ್ನು ಅದರಿಂದ ತೆಗೆಸಿಹಾಕಿದ. ಹೊಸ ಪ್ರತಿಯಲ್ಲಿ ಅವಳಿದ್ದ ಜಾಗದಲ್ಲಿ ಕಟ್ಟಿಗೆಯ ಕಂಬವೊಂದು ನಿಂತಿತ್ತು. ಹಳೆಯ ಪ್ರತಿ ಒಲೆಗೆ ಹೋಯಿತು.

ಚೇತನಾಳ ಕೆಲಸವೂ ಅಂಥದೇ. ಬಾದಾಮಿಯ ಸ್ಟುಡಿಯೋದಲ್ಲಿ ಮದುವೆಯ ಆಲ್ಬಂ ಮಾಡುತ್ತಾಳೆ. ಬೇಡವಾದವರನ್ನು ತೆಗೆಯುವುದು ಅವಳಿಗೆ ನಾಲ್ಕು ನಿಮಿಷದ ಮಾತು. ಹೀಗೆ ಹೋದವರು ಮರಳಿ ಬರುವುದಿಲ್ಲವೆಂದೂ ಅವಳಿಗೆ ಗೊತ್ತಿತ್ತು. ಆದರೂ ತಾಯಿಯ ತಂಗಿ, ಚಿಗವ್ವ ಮುತ್ತವ್ವನನ್ನು ಕೇಳಿ ಕೇಳಿ, ಆಗ ಪ್ರೆಸ್ಸಿನಲ್ಲಿದ್ದು ಆ ಕಂಬ ಬರೆದ ಶಾಬುದ್ದೀನನನ್ನು ಹುನಗುಂದದ ಮೊಬೈಲ್ ಅಂಗಡಿಯಲ್ಲಿ ಹುಡುಕಿದಳು.

"ನಾ ಎಲ್ಲಿ ಅಳಿಸೇನಿ ತಂಗಿ? ಮುಚ್ಚೀನಿ ಅಷ್ಟ," ಎಂದ ಅವನು.

ಅವನು ಹೇಳಿದ್ದು ಇಷ್ಟು. ಆ ಕಾಲದಲ್ಲಿ ಒಂದು ದೊಡ್ಡ ಚಿತ್ರವನ್ನು ಹೊರುವ ಶಕ್ತಿ ಮಾಮೂಲಿ ಕಂಪ್ಯೂಟರಿಗೆ ಇರಲಿಲ್ಲ. ಲಕ್ಷಗಟ್ಟಲೆ ಬೆಲೆಯ ವರ್ಕ್‌ಸ್ಟೇಷನ್‌ಗಳೂ ಏದುಸಿರು ಬಿಡುತ್ತಿದ್ದವು. ಅದಕ್ಕೆ ಕೆಲವು ಸಾಫ್ಟ್‌ವೇರ್‌ಗಳು ಮೂಲ ಚಿತ್ರವನ್ನು ಮುಟ್ಟುತ್ತಲೇ ಇರಲಿಲ್ಲ. ಪರದೆಯ ಮೇಲೆ ಅದರ ಸಣ್ಣ ನಕಲನ್ನು ತೋರಿಸಿ, ಎಳೆದ ಒಂದೊಂದು ಗೆರೆಯನ್ನೂ ಬೇರೆಯಾಗಿ ನೆನಪಿಟ್ಟುಕೊಂಡು, ಕೊನೆಗೊಮ್ಮೆ ಎಲ್ಲವನ್ನೂ ಕೂಡಿಸಿ ದೊಡ್ಡ ಚಿತ್ರ ಕಟ್ಟುತ್ತಿದ್ದವು. ಹಾಗಾಗಿ ಕಂಬದ ಗೆರೆಗಳನ್ನಷ್ಟೇ ತೆಗೆದರೆ ಅಡಿಯ ರಂಗವ್ವ ಇದ್ದಂತೆಯೇ ಸಿಗಬೇಕು. ಮುಂದೆ ಅಗ್ಗದ ಕಂಪ್ಯೂಟರ್‌ಗಳೇ ಬಲಿತವು, ಶಾಬುದ್ದೀನ ಬಳಸಿದ ಸಾಫ್ಟ್‌ವೇರ್ ಮಾಡಿದ ಕಂಪನಿ ಮುಚ್ಚಿತು. ಅದರ ಫೈಲು ತೆರೆಯುವ ಬೇರೆ ದಾರಿ ಚೇತನಾಳಿಗೆ ಎಲ್ಲಿ ತಡಕಾಡಿದರೂ ಸಿಗಲಿಲ್ಲ.

ಉಳಿದದ್ದು ಶಾಬುದ್ದೀನ ಕಂಬ ಬರೆದ ಆ ಯಂತ್ರವೊಂದೇ. ಕ್ಯಾಲೆಂಡರ್ ಅಚ್ಚಿಗೆಂದು ಪ್ರೆಸ್ಸಿನವರು ಮುಂಬಯಿಯಿಂದ ತಂದಿದ್ದ ಹಳೆಯ ಮಾಲು. ಹಳೆಯ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋಗುವಾಗ ಅದೂ ನವನಗರದ ಗೋದಾಮಿಗೆ ಬಂದು ಬಿದ್ದಿತ್ತು. ಚೇತನಾ, ಮುತ್ತವ್ವ, ಶಾಬುದ್ದೀನ ಮೂವರೂ ಅಲ್ಲಿಗೆ ಮುಟ್ಟುವಷ್ಟರಲ್ಲಿ ಗುಜರಿಯ ಟೆಂಪೊ ಬಾಗಿಲಿಗೆ ಬಂದು ನಿಂತಿತ್ತು.

"ಭಾಳ ವರ್ಷ ಮಲಗೇತಿ," ಎಂದ ಶಾಬುದ್ದೀನ, ಧೂಳು ಊದುತ್ತ. "ಒಮ್ಮೆ ಎದ್ದರ ಎದ್ದೀತು. ಎರಡನೇ ಸಲದ್ದು ನಾ ಹೇಳಂಗಿಲ್ಲ."

"ಎಬ್ಬಸ್ರಿ ಸಾಬರ," ಎಂದಳು ಮುತ್ತವ್ವ. "ನಮ್ಮ ಮನಿ ಗಂಡಸರಕಿಂತ ಲಗೂ ಎದ್ರ ಸಾಕು."

ಸ್ವಿಚ್ ಹಾಕಿದರು. ಒಳಗೆ ಡಿಸ್ಕ್ ತಿರುಗತೊಡಗಿತು, ನಡುನಡುವೆ ಉಗುರಿನಿಂದ ಕೆರೆದಂಥ ಸದ್ದು. ಚೇತನಾ ಮುತ್ತವ್ವನ ಕಡೆ ತಿರುಗಿದಳು.

"ಚಿಗವ್ವಾ, ಫೋಟೋದಾಗ ಅವ್ವ ನಗತಿದ್ಳೇನು?"

"ಯಾರಿಗೆ ನೆನಪೈತಿ. ಆಕಿ ಮನಿ ಬಿಡೂಕ ನಾಕು ದಿನ ಮೊದಲ ತಗದದ್ದು ಅದು. ಅವತ್ತ ಮುಂಜಾನಿ ಮನ್ಯಾಗ ದೊಡ್ಡ ಜಗಳ ಆಗಿತ್ತು. ಅತ್ತಿದ್ಳು."

ಅಪ್ಪ ಮಾಳಪ್ಪ ಮಾತ್ರ, ಆಕೆ ಸದಾ ನಗುತ್ತಿದ್ದಳು ಎನ್ನುತ್ತಿದ್ದ. ತಾನು ಹುಟ್ಟಿದ್ದಕ್ಕೇ ಸತ್ತವಳು ಸುಖವಾಗಿ ಮನೆ ಬಿಟ್ಟಿದ್ದಳೋ, ಅಳುತ್ತ ಬಿಟ್ಟಿದ್ದಳೋ? ಚೇತನಾಳಿಗೆ ತಿಳಿಯಬೇಕಾದದ್ದು ಅದೊಂದೇ.

ಕ್ಯಾಲೆಂಡರಿನ ದೇವರುಗಳ ನಡುವೆ ಹುಡುಕಿ ಹುಡುಕಿ, ಶಾಬುದ್ದೀನ ಕೊನೆಗೆ ಆ ಫೈಲು ತೆರೆದ. ಉಬ್ಬಿದ ಗಾಜಿನ ಪರದೆಯ ಮೇಲೆ ಇಡೀ ಮನೆತನ ಮೂಡಿತು. ನಡುವೆ ಕಂಬ.

"ನಮ್ಮ ಮನ್ಯಾಗ ಇಂಥಾ ಕಂಬಾನ ಇದ್ದಿಲ್ಲಲ್ರಿ ಸಾಬರ!" ಎಂದಳು ಮುತ್ತವ್ವ.

"ಆದ್ರೂ ಚಲೋ ಬರದೀನಲ್ರಿ ಮತ್ತ?"

ಹೊರಗೆ ಟೆಂಪೊದವನು ಹಾರ್ನ್ ಹೊಡೆದ. ಕೆರೆಯುವ ಸದ್ದು ಹೆಚ್ಚಿತು.

"ದೊಡ್ಡದು ಕಟ್ಟಾಕ ಹೊತ್ತು ಹಿಡಿತದ," ಎಂದ ಶಾಬುದ್ದೀನ. ಅವನ ಕಿವಿ ಯಂತ್ರಕ್ಕೇ ಅಂಟಿತ್ತು. "ಕಂಬ ತಗದ ಕೂಡಲೆ ಮೊಬೈಲ್‌ನ್ಯಾಗ ಹೊಡ್ಕೋ ತಂಗಿ. ಆಮ್ಯಾಗ ನೋಡೂಣು."

ಚೇತನಾ ಮೊಬೈಲ್ ಎತ್ತಿ ಹಿಡಿದಳು. ಶಾಬುದ್ದೀನ ಗುಂಡಿ ಒತ್ತಿದ. ಕಂಬ ಹೋಯಿತು.

"ಅಕ್ಕಾ..." ಎಂದು ಮುತ್ತವ್ವ ಮುಂದಕ್ಕೆ ಬಾಗಿದಳು. ಮೊಬೈಲಿನಲ್ಲಿ ಚಿತ್ರ ಮಸುಕಾಗಿತ್ತು. ಚೇತನಾ ಅದನ್ನು ಸರಿಪಡಿಸುವುದರಲ್ಲೇ ಇದ್ದಳು. ಅಂತೂ ಒಂದು ಫೋಟೋ ಸಿಕ್ಕಿತು. ಕೂಡಲೇ ದೊಡ್ಡ ಚಿತ್ರ ಕಟ್ಟುವ ಆಜ್ಞೆ ಕೊಟ್ಟರು. ಪರದೆ ಬರಿದಾಗಿ, ಮೇಲಿನಿಂದ ಗೆರೆಗೆರೆಯಾಗಿ ಮನೆಯ ಮಾಡು ಮೂಡತೊಡಗಿತು. ಇನ್ನು ತಲೆಗಳು ಬರಬೇಕು. ಟಕ್, ಟಕ್ ಎಂದು ಎರಡು ಸಲ ಬಡಿದು ಡಿಸ್ಕ್ ನಿಂತುಹೋಯಿತು.

ಆರಿಸಿ ಮತ್ತೆ ಹಾಕಿದರು. ಏಳಲಿಲ್ಲ. ಶಾಬುದ್ದೀನ ಡಿಸ್ಕನ್ನು ಬಿಚ್ಚಿ ಚೇತನಾಳ ಕೈಗಿಟ್ಟ. ಉಳಿದದ್ದು ಟೆಂಪೊ ಏರಿತು.

ಮೊಬೈಲಿನ ಫೋಟೋದಲ್ಲಿ ರಂಗವ್ವನ ಹಣೆ ಇದೆ, ಕಣ್ಣುಗಳಿವೆ. ಕಣ್ಣು ಥೇಟ್ ಚೇತನಾಳದೇ. ಕೆಳಗೆ, ಬಾಯಿಯ ಜಾಗದಲ್ಲಿ, ಪರದೆಯ ಗಾಜಿನಲ್ಲಿ ಬಿದ್ದ ಮುತ್ತವ್ವನ ಮುಖದ ಪ್ರತಿಬಿಂಬ ಬೆರೆತಿದೆ. ಅಲ್ಲಿ ಬೆಳ್ಳಗೆ ಹಲ್ಲು ತೋರುವ ಒಂದು ನಗುವಿದೆ.

"ನಾ ಯಾಕ ನಗಲಿ? ಅಳಾಕತ್ತಿದ್ದೆ. ಕಣ್ಣ ತುಂಬಿ ನನಗೇನೂ ಕಾಣಲಿಲ್ಲ," ಎಂದಳು ಮುತ್ತವ್ವ.

"ಅಳಕೋತನ ನಕ್ರಿ ನೀವು," ಎಂದ ಶಾಬುದ್ದೀನ. "ನಾ ಸದ್ದು ಕೇಳಕೋತ ಇದ್ದೆ, ಖರೆ. ಆದ್ರೂ ನಕ್ಕಂಗಾತು."

ಚೇತನಾ ಪರದೆಯನ್ನು ನೋಡಿರಲಿಲ್ಲ. ತಾಯಿ ಎದುರಿಗಿದ್ದಾಗ ಅವಳು ಮೊಬೈಲನ್ನು ನೋಡುತ್ತಿದ್ದಳು. ಗಾಜಿನ ಪ್ರತಿಬಿಂಬವನ್ನು ತೆಗೆಯುವುದು ಅವಳಿಗೆ ಈಗಲೂ ನಾಲ್ಕು ನಿಮಿಷದ ಕೆಲಸ. ಆದರೆ ತೆಗೆಯುವ ಮೊದಲು ಯಾವ ಬಾಯಿ ಯಾರದೆಂದು ಗೊತ್ತಿರಬೇಕು. ಅವಳು ಇನ್ನೂ ಅದನ್ನು ಮುಟ್ಟಿಲ್ಲ.

ಆ ನಗು ರಂಗವ್ವನದೋ ಮುತ್ತವ್ವನದೋ, ಅವರಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.