ಮಾರಕ್ಕ ತೊಳೆಯಲು ಬಿಡದ ಪಾತ್ರೆ

ಮಧುರೆ ಹಳ್ಳಿಯ ಅಪ್ಪಯ್ಯಣ್ಣನ ಮಗಳು ಚೈತ್ರಳ ಸೀಮಂತ. ಹಿಂದಿನ ರಾತ್ರಿಯೇ ನೆಂಟರು ಬಂದಿಳಿದಿದ್ದರು. ರಾತ್ರಿ ಊಟ ಚೆನ್ನಾಗಿಯೇ ಆಯಿತು. ಎಡವಟ್ಟಾದದ್ದು ಬೆಳಿಗ್ಗೆ. ರಾತ್ರಿ ಉಳಿದ ಅನ್ನಕ್ಕೆ ಮನೆಯವರು ಒಗ್ಗರಣೆ ಹಾಕಿದ ಚಿತ್ರಾನ್ನ ತಿಂದವರೆಲ್ಲ ವಾಂತಿ ಮಾಡತೊಡಗಿದರು. ಬಸುರಿ ಚೈತ್ರಳನ್ನೂ ಆಸ್ಪತ್ರೆಗೆ ಸೇರಿಸಬೇಕಾಯಿತು.

ಊಟ ಕೆಟ್ಟರೆ ಅಡುಗೆಯವಳದ್ದೇ ತಪ್ಪು, ನಮ್ಮ ಜನಕ್ಕೆ ಗೊತ್ತಿರುವುದು ಅಷ್ಟೇ. ರಾತ್ರಿಯ ಅಡುಗೆ ಮಾಡಿದ್ದ ಮಾರಕ್ಕನ ಬಗ್ಗೆ, "ಏನ್ ಬೆರೆಸಿದ್ಳೋ" ಎಂದು ಗುಸುಗುಸು ಎದ್ದಿತು. ಊರವರ ಶುಭಕಾರ್ಯಗಳಿಂದಲೇ ಅವಳ ಸಂಸಾರ ನಡೆಯುತ್ತಿತ್ತು. ಈ ಅಪವಾದ ಹೊತ್ತವಳನ್ನು ಇನ್ನು ಯಾರು ಕರೆಯುತ್ತಾರೆ?

ಅಪ್ಪಯ್ಯಣ್ಣ ಉಳಿದ ಚಿತ್ರಾನ್ನವನ್ನು ತಿಪ್ಪೆಗೆ ಸುರಿಯಲು ಹೊರಟ. ಸುದ್ದಿ ಕೇಳಿ ಓಡಿಬಂದ ಮಾರಕ್ಕ ಅಡ್ಡ ನಿಂತಳು.

"ಚೆಲ್ಬೇಡಿ ಅಪ್ಪಯ್ಯಣ್ಣ. ಪಾತ್ರೆನೂ ತೊಳೀಬೇಡಿ. ಇದ್ರಲ್ಲಿ ಏನೈತೆ ಅಂತ ಗೊತ್ತಾಗ್ಲಿ."

"ನನ್ ಮನೆ ಮರ್ಯಾದೆ ಏನಾಗ್ಬೇಕು?"

"ನನ್ ಮರ್ಯಾದೆ?"

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಕವಿತ ಬಂದಳು. "ಮಾರಕ್ಕ ಹೇಳೋದು ಸರಿ ಅಣ್ಣಾ. ಚೆಲ್ಬಿಟ್ರೆ ಲ್ಯಾಬಿಗೆ ಏನ್ ಕಳ್ಸೋದು?"

"ಹಳಸಿದ್ರೆ ವಾಸ್ನೆ ಬರ್ತಿರ್ಲಿಲ್ವೇನಮ್ಮ? ಘಮ್ ಅಂತಿತ್ತು!" ಎಂದ ಅಪ್ಪಯ್ಯಣ್ಣ.

"ಕೆಲವು ಬ್ಯಾಕ್ಟೀರಿಯಾ ಬಿಡೋ ವಿಷಕ್ಕೆ ವಾಸ್ನೆನೂ ಇಲ್ಲ, ರುಚಿನೂ ಇಲ್ಲ. ಪರೀಕ್ಷೆ ಮಾಡಿದ್ರೇನೇ ಸಿಗೋದು."

ಮಾರಕ್ಕ ಪಾತ್ರೆ ಬಿಟ್ಟು ಕದಲಲಿಲ್ಲ. ಕವಿತ ಫೋನ್ ಮಾಡಿ ಕರೆಸಿದ ಆರೋಗ್ಯ ಇಲಾಖೆಯ ಅಧಿಕಾರಿಗಳು ಬಂದು ಚಿತ್ರಾನ್ನದ ಸ್ಯಾಂಪಲ್ಲನ್ನು ಡಬ್ಬಿಗೆ ಹಾಕಿ, ಐಸ್‌ನಲ್ಲಿಟ್ಟು ಒಯ್ದರು.

ಚೈತ್ರ ಹುಷಾರಾಗಿ ಮನೆಗೆ ಬಂದ ಮೇಲೆ ವರದಿಯೂ ಬಂತು. ಯಾರೂ ಏನೂ ಬೆರೆಸಿರಲಿಲ್ಲ. ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿತ್ತು.

"ರಾತ್ರಿ ಉಳಿದ ಅನ್ನ ಹೆಂಗಿಟ್ಟಿದ್ರಿ?" ಎಂದಳು ಕವಿತ.

ಅಪ್ಪಯ್ಯಣ್ಣನ ಮುಖ ಇಳಿಯಿತು. "ಮಾರಕ್ಕ ಮನೆಗೆ ಹೋದ್ಮೇಲೆ ನಾನೇ ಬಿಸಿ ಅನ್ನಾನ ಮಂಕರಿ ಬುಟ್ಟಿಗೆ ಒತ್ತಿ ತುಂಬ್ಸಿ, ಬಟ್ಟೆ ಮುಚ್ಚಿಸ್ದೆ. ನಮ್ಮಲ್ಲಿ ಯಾವಾಗ್ಲೂ ಹಂಗೇ. ಬೆಳಿಗ್ಗೆ ಒಗ್ಗರಣೇಲಿ ಚೆನ್ನಾಗಿ ಬಿಸಿ ಮಾಡಿದ್ವಲ್ಲಮ್ಮ?"

"ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ ಅಣ್ಣಾ. ರಾತ್ರಿಯೆಲ್ಲ ಬೆಚ್ಚಗೆ ಇಟ್ಟಿದ್ದೇ ತಪ್ಪಾಗಿದ್ದು."

ಚೈತ್ರಳಿಗೆ ಹೆರಿಗೆಯಾಯಿತು. ಅಪ್ಪಯ್ಯಣ್ಣನೇ ಮಾರಕ್ಕನ ಮನೆ ಬಾಗಿಲಿಗೆ ಹೋಗಿ, ಬೀದಿಯವರೆಲ್ಲ ಕೇಳುವಂತೆ ಹೇಳಿದ. "ತಪ್ಪು ನಂದು ಮಾರಕ್ಕ. ಮೊಮ್ಮಗಳ ನಾಮಕರಣಕ್ಕೆ ನೀನೇ ಅಡುಗೆ ಮಾಡ್ಬೇಕು."

"ಮಾಡ್ತೀನಿ. ಉಳಿದ ಅನ್ನ ಮಾತ್ರ ನಾನ್ ಹೇಳ್ದಂಗೆ ಇಡ್ಬೇಕು," ಎಂದಳು ಮಾರಕ್ಕ, ಕಣ್ಣೊರೆಸಿಕೊಂಡು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಉಳಿದ ಅನ್ನವನ್ನು ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ಆಗದಿದ್ದರೆ ಬಿಸಿಯಿರುವಾಗಲೇ ಹಂಚಿಬಿಡಿ. ಊಟ ಮಾಡಿದವರಿಗೆ ವಾಂತಿ, ಭೇದಿಯಾದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಊಟವನ್ನು ಯಾರೂ ಮುಟ್ಟದಂತೆ ಮುಚ್ಚಿಟ್ಟು ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಯಾರನ್ನಾದರೂ ಬೆರಳು ಮಾಡಿ ತೋರಿಸುವ ಮೊದಲು ಆ ಪಾತ್ರೆಯನ್ನು ಲ್ಯಾಬಿನವರಿಗೆ ತೋರಿಸಿ.