ನಿರ್ಮಾಲ್ಯದ ನೀರು ಕುಡಿದ ಕಳ್ಳಿ

ನಾನೊಂದು ಡಬ್ಬುಗಳ್ಳಿ. ಮಸ್ಕಿಯ ಕಡೆಯ ಕಲ್ಲುಗುಡ್ಡದಲ್ಲಿ ಹುಟ್ಟಿದೆ. ಇಂದಿರಾಬಾಯಿ ಅಂಗೈಯಂಥ ನನ್ನ ಒಂದು ದಪ್ಪ ಹಾಳೆಯನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದರು. ಅವರ ಬಾವಿಯದು ಉಪ್ಪುಪ್ಪಾದ ಸವಳು ನೀರು, ಹೂಗಿಡಗಳು ಬದುಕುತ್ತಿರಲಿಲ್ಲ. ಅದಕ್ಕೇ ಲೋಳಸರ, ಮಂಗರವಳ್ಳಿಗಳ ಜೊತೆ ನನ್ನನ್ನು ಅಂಗಳದ ಗರಸಿನ ಕಲ್ಲುಮಣ್ಣಿನಲ್ಲಿ ನೆಟ್ಟರು.

"ಮನಿ ಮುಂದ ಮುಳ್ಳು ಯಾಕ?" ಎಂದರು ಪತಿ ಗುಂಡಾಚಾರ್ಯರು.

"ಇದು ನೀರು ಕೇಳೂದಿಲ್ಲ. ನಿಮ್ಮಂಗ ಗಳಿಗಿಗೊಮ್ಮೆ ಕಾಫೀನೂ ಕೇಳೂದಿಲ್ಲ."

ನಾನು ಹೂ ಬಿಡುವ ಮೊದಲೇ ಆಕೆ ತೀರಿಕೊಂಡರು.

ದೇವರ ಅಭಿಷೇಕದ ನೀರು ಕಾಲಡಿ ಬೀಳಬಾರದು. ಗಿಡದ ಬುಡಕ್ಕೆ ಹಾಕಬೇಕು. ಮೊದಲು ಅದು ಬೇವಿನ ಮರಕ್ಕೆ ಹೋಗುತ್ತಿತ್ತು. ಈಗ ಆಚಾರ್ಯರು ದಿನವೂ ತಂಬಿಗೆಯನ್ನು ನನ್ನ ಬುಡಕ್ಕೆ ಬಗ್ಗಿಸತೊಡಗಿದರು. "ಅಕೀ ಹಚ್ಚಿದ ಗಿಡ. ಹೂ ಬಿಡೂತನಕ ನಿನ್ನ ಸಾಯಲಿಕ್ಕೆ ಬಿಡೂದಿಲ್ಲ" ಎನ್ನುತ್ತಿದ್ದರು. ಬೇಡವೆನ್ನಲು ನನಗೆ ಬಾಯಿಲ್ಲ, ಕುಡಿದೆ. ಹಾಳೆಗಳು ಹಳದಿಯಾದವು. ಬಾಡಿತೆಂದು ಅವರು ಇನ್ನೊಂದು ತಂಬಿಗೆ ಹಾಕಿದರು.

ಇಂದಿರಾಬಾಯಿಯ ತಂಗಿ ಗೋದಾಬಾಯಿ ಬಂದವರು ನನ್ನ ಬುಡವನ್ನು ಕಡ್ಡಿಯಿಂದ ಒತ್ತಿ ನೋಡಿದರು.

"ಭಾವಾ, ಇದು ಕೊಳತದ! ಭಕ್ತಿಯೊಳಗ ಮುಳುಗಿಸೀರಿ."

"ದೇವರ ನೀರು ಕೆಟ್ಟದ್ದು ಮಾಡ್ತದೇನು?"

"ದೇವರದಾದ್ರೇನು, ಕಳ್ಳಿಗೆ ಅದು ಬರೇ ನೀರು."

ಮೇಲಿನ ಒಂದು ಗಟ್ಟಿ ಹಾಳೆಯನ್ನು ಅವರು ಕೊಯ್ದರು. ಗಾಯ ಒಣಗುವವರೆಗೆ ನೆರಳಿನಲ್ಲಿಟ್ಟು, ಆಮೇಲೆ ಗರಸಿನಲ್ಲಿ ನೆಟ್ಟರು. "ಅಕ್ಕನ ಮ್ಯಾಲೆ ಮಾಯಾ ಇದ್ದರ ಇದನ್ನ ಸುಮ್ಮನ ಬಿಡ್ರಿ" ಎಂದು ಹೇಳಿ ಹೋದರು.

ಕೊಳೆತ ಬುಡವೂ ನಾನೇ, ಉಳಿದ ತುಂಡೂ ನಾನೇ. ಮನುಷ್ಯರಿಗೆ ಈ ಅನುಕೂಲವಿಲ್ಲ.

ಮರುದಿನ ಆಚಾರ್ಯರು ತಂಬಿಗೆ ಹಿಡಿದು ನನ್ನೆದುರು ಬಹಳ ಹೊತ್ತು ನಿಂತರು. "ಏನೂ ಹಾಕದ ಹ್ಯಾಂಗಿರಲಿ?" ಎಂದರು. ಕೊನೆಗೆ ಬೇವಿನ ಕಡೆಗೆ ನಡೆದರು. ಎಷ್ಟೋ ಬೆಳಗು ಹಾಗೆಯೇ ಬಂದು, ನಿಂತು, ತಿರುಗಿ ಹೋದರು. ನಾನು ಬೇರು ಬಿಟ್ಟೆ.

ಕೆಲವು ಬೇಸಿಗೆ ಕಳೆದ ಮೇಲೆ ನನ್ನ ನೆತ್ತಿಯಲ್ಲಿ ಹಳದಿ ಹೂವೊಂದು ಅರಳಿತು. ಆ ಮನೆಯಲ್ಲಿ ಹೊಸ ಗಿಡದ ಮೊದಲ ಹೂ ದೇವರಿಗೇ. ಆಚಾರ್ಯರು ಬುಟ್ಟಿ ತಂದರು, ಕೈ ಚಾಚಿದರು, ಹಿಂದೆಗೆದುಕೊಂಡರು. ಹೂವು ಗಿಡದಲ್ಲಿದ್ದ ಹಾಗೆಯೇ ಅದಕ್ಕೆ ಕೈಮುಗಿದು "ಕೃಷ್ಣಾರ್ಪಣ" ಎಂದರು.

ಸಂಜೆ ಹೂ ಮುದುಡುವವರೆಗೂ ಅವರು ಕಟ್ಟೆಯ ಮೇಲೆ ಕುಳಿತೇ ಇದ್ದರು. ಒಳಗೆ ಮಾಡಿಟ್ಟ ಅನ್ನ ಆರಿಹೋಗಿತ್ತು.