ಆಚೆ ದಡಕ್ಕೆ ಸುರಿದ ಉಪ್ಪು

ಮೂರು ತಿಂಗಳಿಂದ ನಾಗಿ ಮನೆಗೆ ಬಂದವರಿಗೆ ಚಹಾ ಕೊಟ್ಟಿರಲಿಲ್ಲ. ಕೊಟ್ಟರೆ ಮೊದಲ ಗುಟುಕಿಗೇ ಗುಟ್ಟು ರಟ್ಟು. ಮುರುಗಲ ಪಾನಕಕ್ಕಾದರೆ ಹೇಗೂ ಚಿಟಿಕೆ ಉಪ್ಪು ಬೇಕಲ್ಲ, ಅದನ್ನೇ ಕೊಡುತ್ತಿದ್ದಳು, ಉಪ್ಪು ಹಾಕದೆ. ಹದವಾಗಿದೆ ಎಂದು ಯಾರಾದರೂ ಹೊಗಳಿದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಬಾವಿಗೆ ಹೊಳೆಯ ಉಪ್ಪುನೀರು ಸೇರಿದ್ದು ಅವಳಿಗೆ ಮತ್ತು ಸೊಸೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೇಳುವುದಾದರೂ ಹೇಗೆ? ಅವಳ ತವರೂರು ನೌಕಾನೆಲೆಗೆ ಹೋಗಿತ್ತು. ಆಗಲೂ ಮೊದಲು ಬಂದವರು ನಗುನಗುತ್ತಲೇ ಕೇಳಿದ್ದರು, ಎಷ್ಟು ತೆಂಗು, ಎಷ್ಟು ಮಾವು ಅಂತ. ಅಬ್ಬೆ ಹುರುಪಿನಿಂದ ಒಂದೂ ಬಿಡದೆ ಹೇಳಿದ್ದಳು. ಆಮೇಲೆ ಸಾಯುವ ತನಕ, ತಾನು ಬಾಯಿ ಬಿಟ್ಟದ್ದಕ್ಕೇ ಊರು ಹೋಯ್ತು ಎಂದೇ ತಿಳಿದಿದ್ದಳು.

ಈಗ ಕಾರವಾರದಿಂದ ಸರ್ಕಾರದ ಸಮೀಕ್ಷೆಗೆಂದು ಪೂರ್ಣಿಮಾ ಎಂಬ ಹುಡುಗಿ ಬಂದಿದ್ದಳು. ಶಾಲೆಯ ಜಗಲಿಯಲ್ಲಿ ಹೊದಿಕೆಯಷ್ಟು ದೊಡ್ಡ ನಕ್ಷೆಯ ಪಟ ಹಾಸಿ, ಹೊಳೆ, ಅದರಂಚಿನ ಗಜನಿ ಗದ್ದೆ, ಒಂದೊಂದು ಮನೆಯನ್ನೂ ಅದರಲ್ಲಿ ತೋರಿಸಿದಳು. ಪಕ್ಕದಲ್ಲಿ ಎರಡು ಬಟ್ಟಲು, ಒಂದರಲ್ಲಿ ಭತ್ತ, ಒಂದರಲ್ಲಿ ಉಪ್ಪು.

"ಇಪ್ಪತ್ತು ವರ್ಷದ ಮೇಲೆ ಇಲ್ಲಿ ಏನಾಗ್ತದೆ ಅಂತ ನಮಗೂ ಖಾತ್ರಿ ಇಲ್ಲ. ಅದಕ್ಕೇ ನಿಮ್ಮನ್ನ ಕೇಳೂದು. ಬೆಳೆ ಉಳಿಯೋ ಕಡೆ ಭತ್ತ ಇಡಿ, ಉಪ್ಪುನೀರು ಬರೋ ಕಡೆ ಉಪ್ಪು."

ಈ ಭತ್ತ-ಉಪ್ಪಿನ ಸುದ್ದಿ ಮೊದಲೇ ತಿಳಿದಿದ್ದ ಊರಿನವರು ಬೆಳಿಗ್ಗೆಯೇ ಅಂಗಡಿಯ ಎದುರು ಮಾತಾಡಿಕೊಂಡಿದ್ದರು. ಊರಿನ ಹಿರಿಯ ಬೊಮ್ಮಯ್ಯ ಕಡ್ಡಿ ಮುರಿದಂತೆ ಹೇಳಿದ್ದ, "ನಮ್ಮ ದಡದ ಮೇಲೆ ಉಪ್ಪಿನ ಒಂದು ಹರಳೂ ಬೀಳೂಕಾಗ. ಎಲ್ಲಿ ಬಿತ್ತೋ ಅಲ್ಲಿಂದ ಜನರನ್ನ ಏಳಿಸ್ತಾರೆ."

ಹಾಗೇ ಆಯಿತು. ಒಬ್ಬೊಬ್ಬರಾಗಿ ಎದ್ದು ಇತ್ತ ಭತ್ತ, ಅತ್ತ ಉಪ್ಪು ಇಟ್ಟರು. ತಿಮ್ಮು ಒಂದು ಹಿಡಿಯನ್ನೇ ಆಚೆ ದಡಕ್ಕೆ ಸುರಿದು, "ಅವರ ಸಾರು ಯಾವಾಗ್ಲೂ ಸಪ್ಪೆ, ಇರ್ಲಿ" ಅಂದ. ಎಲ್ಲರೂ ನಕ್ಕರು. ನಾಗಿಯೂ ನಕ್ಕಳು.

ಪೂರ್ಣಿಮಾ ಬರೆದುಕೊಳ್ಳುತ್ತ ಹೇಳಿದಳು, "ಹಾಗಾದ್ರೆ ಉಪ್ಪುನೀರು ತಡೆಯೋ ಹೊಸ ಎತ್ತರದ ಒಡ್ಡು ಆಚೆ ದಡಕ್ಕೆ ಸಾಕು. ಈಚೆಗೆ ಬೇಡ."

ನಗು ಅಲ್ಲೇ ನಿಂತಿತು. ಹೊಳೆಯ ಒಂದು ದಡ ಎತ್ತರಿಸಿದರೆ ಸಮುದ್ರದಿಂದ ಉಕ್ಕಿ ಬರುವ ಭರತದ ನೀರು ಎಲ್ಲಿಗೆ ತಿರುಗುತ್ತದೆಂದು ಅಲ್ಲಿದ್ದ ಯಾರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಗಿ ಬೊಮ್ಮಯ್ಯನ ಮುಖ ನೋಡಿದಳು. ಅವನು ಕಂಬ ನೋಡುತ್ತಿದ್ದ.

ಹೇಳಿದರೆ ನಾಗಿಯ ಗತಿಯೂ ಅಬ್ಬೆಯ ಹಾಗೆ. ಹೇಳದಿದ್ದರೆ ಮುಂದಿನ ಮಳೆಗಾಲಕ್ಕೆ ಹೊಳೆ ಹೊಸ್ತಿಲು ದಾಟಿ ಒಳಗೆ. ಯಾವುದು ಮೊದಲು ಬರುತ್ತದೋ ಯಾರಿಗೆ ಗೊತ್ತು? ಅವಳು ಎದ್ದಳು. ಬಟ್ಟಲಿಗೆ ಕೈಹಾಕಿ, ಹೊಳೆಯಂಚಿನ ಮೊದಲ ಮನೆಯ ಮೇಲೆ ಚಿಟಿಕೆ ಉಪ್ಪು ಇಟ್ಟಳು.

"ನಾಗಕ್ಕಾ, ಕೈ ಜಾರ್ತನಾ?" ತಿಮ್ಮು ಮೆಲ್ಲಗೆ ಕೇಳಿದ.

"ಜಾರ್ಲಿಲ್ಲ ತಮ್ಮಾ. ನಮ್ಮನೆ ಬಾವಿ ಉಪ್ಪಾಗಿ ಮೂರು ತಿಂಗಳಾಯ್ತು."

"ನಮ್ಮನ್ನ ಏಳಿಸ್ತಾರನಾ ತಂಗೀ?" ನಾಗಿ ಪೂರ್ಣಿಮಾಳನ್ನು ಕೇಳಿದಳು.

ಪೂರ್ಣಿಮಾಳ ಪೆನ್ನು ನಿಂತಿತು. "ಗೊತ್ತಿಲ್ಲಮ್ಮಾ. ನಿಮ್ಮ ಮಾತು ಇದ್ದ ಹಾಗೇ ಬರೀತೇನೆ. ಕಡೆಗೆ ತೀರ್ಮಾನ ಮಾಡೋರು ನಾನಲ್ಲ."

ಬೊಮ್ಮಯ್ಯ ಎದ್ದು ಬಂದ. ಉಪ್ಪನ್ನು ಒರೆಸಿ ಹಾಕುತ್ತಾನೆಂದು ನಾಗಿ ಹಿಂದೆ ಸರಿದಳು. ಅವನು ಪಟದ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಮೂರು ತಿಂಗಳಾ?" ಅಂದ. "ನಮ್ಮನೆ ಬಾವಿ ಹೋದ ಬೇಸಿಗೇಲೇ ಉಪ್ಪಾಯ್ತು."

ಹಾಗೆಂದು ಎರಡೇ ಹರಳು ತೆಗೆದು ತನ್ನ ಮನೆಯ ಮೇಲಿಟ್ಟ. ಹೊಳೆಯಿಂದ ದೂರ, ಗುಡ್ಡದ ಬುಡದಲ್ಲಿತ್ತು ಅದು.

ನಾಗಿ ತನ್ನ ಮನೆಯಿಂದ ಅವನ ಮನೆಯವರೆಗೆ ಬೆರಳಿಟ್ಟು ಎಣಿಸಿದಳು. ನಡುವೆ ಏಳು ಮನೆ. ಏಳೂ ಮನೆಯವರು ಅಲ್ಲೇ ಕೂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.